ಸಂಗಮಕ್ಕೆ ಇನ್ನೆರಡು ಕಿಲೋಮೀಟರ್

ನನ್ನ ಮೊಬೈಲಿನಲ್ಲಿ ಒಂದು ಮ್ಯಾಪ್ ಇದೆ. ಅದರಲ್ಲಿ ಕೆಂಪು ಗೆರೆಯೊಂದು ಮೈಸೂರಿನಿಂದ ಹೊರಟು, ಶ್ರೀರಂಗಪಟ್ಟಣದ ಕೋಟೆಯೊಳಗೆ ಜಿಲೇಬಿ ಥರ ಸುತ್ತಿ, ಗಂಜಾಂವರೆಗೆ ಹೋಗಿ, ಹೋದ ದಾರೀಲೇ ವಾಪಸ್ ಬಂದಿದೆ. ಜೊತೆಗೆ ಬಂದಿದ್ದ ಮೂವರು ಹುಡುಗರ ಮ್ಯಾಪಿನಲ್ಲಿ ಅದೇ ಗೆರೆ ದ್ವೀಪದ ಪೂರ್ವದ ತುದಿ ಮುಟ್ಟಿ ಇನ್ನೊಂದು ದಾರಿಯಲ್ಲಿ ತಿರುಗಿ ಬಂದು ಲೂಪ್ ಆಗಿದೆ. ಒಂದೇ ಗುಂಪು, ಒಂದೇ ದಿನ. ಸುಸ್ತಾಗಿ ವಾಪಸ್ ಬಂದ್ವಿ ಅಂತ ಕೆಲವರು ಅಂದುಕೊಂಡಿದ್ದಾರೆ. ಅದಕ್ಕೇ ಇದನ್ನ ಬರೀತಿದೀನಿ. (ಇಂಗ್ಲಿಷ್ ಮೀಡಿಯಂ ಕನ್ನಡ, ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ.)

ಏಪ್ರಿಲ್ ಕೊನೆಯ ಭಾನುವಾರ. ಮೂರು ಜನ ಹುಡುಗೀರು, ಮೂರು ಜನ ಹುಡುಗರು. ಎರಡು ಗೇರ್ ಸೈಕಲ್, ಉಳಿದವು ಸಾದಾ. ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಒಂದಾಗೋದರ ನಡುವೆ ಇರೋ ಊರು ಶ್ರೀರಂಗಪಟ್ಟಣ. ಬಸ್ಸಿನಲ್ಲಿ ಹತ್ತಾರು ಸಲ ಹೋಗಿದ್ದರೂ ಅದೊಂದು ದ್ವೀಪ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಅದಕ್ಕೇ ಒಂದು ಸುತ್ತು ಹಾಕಬೇಕು, ತುದಿಯಲ್ಲಿ ಎರಡು ಕವಲು ಸೇರೋ ಸಂಗಮ ನೋಡಬೇಕು ಅನ್ನೋದು ಪ್ಲ್ಯಾನ್.

ಬೇಸಿಗೆಯಲ್ಲಿ ಸೈಕಲ್ ಹೊಡೆಯೋರಿಗೆ ಗೊತ್ತಿರುತ್ತೆ, ಐದೂವರೆಗೆ ಹೊರಟರೆ ಅರ್ಧ ಗೆದ್ದಂಗೆ. ನಮ್ಮ ಹಾಸ್ಟೆಲ್ ಗೇಟ್ ತೆಗೆಯೋದು ಆರಕ್ಕೆ. ಹುಡುಗರು ಗೇಟಿನ ಹೊರಗೆ ಆಕಳಿಸ್ತಾ ಕಾದರು. ಸಿದ್ದಲಿಂಗಪುರ, ಕಳಸ್ತವಾಡಿ ದಾಟಿ, ಸರ್ವಿಸ್ ರೋಡ್ ಹಿಡಿದು, ನಡುವೆ ತಟ್ಟೆ ಇಡ್ಲಿ ತಿಂದು ಪಟ್ಟಣ ಸೇರೋವಷ್ಟರಲ್ಲಿ ಎಂಟಾಗಿತ್ತು, ಬಿಸಿಲು ಆಗಲೇ ಬೆನ್ನಿಗೆ ಬಿದ್ದಿತ್ತು.

ಬೆಳಿಗ್ಗೆ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ರಂಗನಾಥಸ್ವಾಮಿ ದೇವಸ್ಥಾನ, ಜಾಮಿಯಾ ಮಸೀದಿಯ ಎರಡು ಮಿನಾರು, 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದ ಕಲ್ಲು, ಎಲ್ಲ ಸೈಕಲಿಗೆ ಐದೈದು ನಿಮಿಷದ ದೂರ. ರೈಲ್ವೆ ಹಳಿ ಹತ್ತಿರ ನಮ್ಮ ಸಿವಿಲ್ ಹುಡುಗ ಎಲ್ಲರನ್ನೂ ನಿಲ್ಲಿಸಿಬಿಟ್ಟ. ಟಿಪ್ಪು ಕಾಲದ ಶಸ್ತ್ರಾಗಾರ ಜೋಡಿ ಹಳಿಗೆ ಅಡ್ಡ ಬರುತ್ತೆ ಅಂತ 2017ರಲ್ಲಿ ಅದನ್ನ ಒಡೆಯದೆ, ಬುಡ ಸಮೇತ ಜಾಕ್ ಮೇಲೆ ಎತ್ತಿ ಸುಮಾರು ನೂರು ಮೀಟರ್ ಆಚೆಗೆ ತಳ್ಳಿ ಕೂರಿಸಿದಾರೆ. ಇನ್ನೂರು ವರ್ಷದ ಇಟ್ಟಿಗೆ ಗಾರೆಯ ಕಟ್ಟಡ! ಅರ್ಧ ಗಂಟೆ ಲೆಕ್ಚರ್ ಕೊಟ್ಟ. ಕ್ಲಾಸಿನಲ್ಲಿ ಸ್ಟ್ರಕ್ಚರ್ಸ್ ಯಾರಾದ್ರೂ ಹಿಂಗೆ ಶುರು ಮಾಡಿದ್ರೆ ನಾನೂ ಬ್ರಾಂಚ್ ಚೇಂಜ್ ಮಾಡ್ತಿದ್ನೇನೋ.

ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಅದರ ಮುಂದೆ ನಿಂತು ತಣ್ಣಗಾಗಿ ಗುಂಬಜ್ ಕಡೆ ಹೊರಟ್ವಿ. ಗಂಜಾಂನಲ್ಲಿ ಹನ್ನೆರಡೂವರೆಗೆ ಪಂಕ್ಚರ್. ಯಾರ ಸೈಕಲ್? ಒಬ್ಬ ಹುಡುಗನದು. ಇದನ್ನ ನೆನಪಿಟ್ಟುಕೊಳ್ಳಿ. ಪಂಕ್ಚರ್ ಅಂಗಡಿಯಣ್ಣ ಊಟಕ್ಕೆ ಹೋದವರು ಬಂದಿದ್ದು ಮೂರೂವರೆಗೆ. ಹೇಗೂ ಆ ಬಿಸಿಲಲ್ಲಿ ತುಳಿಯೋಕೆ ಆಗ್ತಿರಲಿಲ್ಲ, ಮರದ ನೆರಳಲ್ಲಿ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿಂತಾ ಬಿದ್ಕೊಂಡಿದ್ವಿ. ಟ್ಯೂಬಿನಲ್ಲಿ ಎರಡು ಕಡೆ ತೂತು. ಪ್ಯಾಚ್ ಹಾಕಿ ಮುಗಿಸೋವಷ್ಟರಲ್ಲಿ ನಾಲ್ಕೂವರೆ. ಗಾಳಿ ತಣ್ಣಗಾಗಿತ್ತು. ಸಂಗಮಕ್ಕೆ ಇನ್ನು ಎರಡು ಕಿಲೋಮೀಟರ್ ಆಸುಪಾಸು.

ನಮ್ಮ ಗೇಟ್ ಆರೂವರೆಗೆ ಮುಚ್ಚುತ್ತೆ. ಹುಡುಗರದು ಒಂಬತ್ತೂವರೆಗೆ.

ಗಂಜಾಂನಿಂದ ಹಾಸ್ಟೆಲಿಗೆ, ದಣಿದ ಕಾಲಲ್ಲಿ, ಒಂದೂ ಮುಕ್ಕಾಲು ಗಂಟೆ ಬೇಕು. ಸಂಗಮಕ್ಕೆ ಹೋಗಿ ಬಂದರೆ ಅರ್ಧ ಗಂಟೆ ಲೇಟ್. ನನಗೆ ಪರವಾಗಿರಲಿಲ್ಲ, ಆದರೆ ನನ್ನ ರೂಮ್‌ಮೇಟಿಗೆ ಆಗಲೇ ಎರಡು ಲೇಟ್ ಬಿದ್ದಿತ್ತು. ಮೂರನೇದು ಬಿದ್ರೆ ಮನೆಗೆ ಫೋನು, ಒಂದು ತಿಂಗಳು ಔಟಿಂಗ್ ಬಂದ್. ಅವಳು ಏನೂ ಹೇಳಲಿಲ್ಲ, ಸೈಕಲ್ ತಿರುಗಿಸಿದಳು. ನಾವಿಬ್ಬರೂ ತಿರುಗಿಸಿದ್ವಿ. ಪಂಕ್ಚರ್ ಹುಡುಗ ಪಾಪ, ನಾನೂ ಬರ್ತೀನಿ ಅಂದ. ನೀನಾದ್ರೂ ನೋಡ್ಕೊಂಡು ಬಾ ಮಾರಾಯ ಅಂತ ಕಳಿಸಿದ್ವಿ.

ಈಗ ನನ್ನ ವಾದಕ್ಕೆ ಬರ್ತೀನಿ. ಆರೂವರೆ ರೂಲು ಇರೋದು ಯಾಕೆ ಅಂತ ಕೇಳಿದ್ರೆ ಎಲ್ಲರೂ ಹೇಳೋದು ಒಂದೇ ಪದ, ಸೇಫ್ಟಿ. ಸರಿ, ಲೆಕ್ಕ ಹಾಕೋಣ. ಆರು ಜನ ಒಟ್ಟಿಗೆ ಇದ್ದ ಗುಂಪನ್ನ ಆ ರೂಲು ಎರಡು ಮಾಡಿತು. ಮೂರು ಜನ ಹುಡುಗೀರು ಸರ್ವಿಸ್ ರೋಡಿನಲ್ಲಿ ಲಾರಿ ಪಕ್ಕ, ನೀರು ಕುಡಿಯೋಕೂ ನಿಲ್ಲದೆ, ವಾಚ್ ನೋಡ್ತಾ ತುಳಿದ್ವಿ. ಕಳಸ್ತವಾಡಿ ಹತ್ತಿರ ರೂಮ್‌ಮೇಟ್ ಒಂದು ಹಳ್ಳಕ್ಕೆ ಚಕ್ರ ಇಳಿಸಿ ಬಿದ್ದಳು. ಮೊಣಕೈ ತರಚಿತು. ಟೈಮ್ ಇದ್ದಿದ್ರೆ ಆ ಹಳ್ಳ ಕಾಣ್ತಿತ್ತು. ಆ ತಿಂಗಳಲ್ಲಿ ಸೂರ್ಯ ಮುಳುಗೋದೇ ಸುಮಾರು ಆರೂವರೆಗೆ. ಅಂದ್ರೆ ಬೇಸಿಗೆಯಲ್ಲಿ ಹೊರಗೆ ಓಡಾಡೋಕೆ ಆಗೋ ಎರಡೇ ಹೊತ್ತು, ಮುಂಜಾನೆ ಮತ್ತು ಸಂಜೆ, ಎರಡಕ್ಕೂ ನಮಗೆ ಬೀಗ. ನಮಗೆ ಉಳಿಯೋದು ಮಟಮಟ ಮಧ್ಯಾಹ್ನ.

ವಾರ್ಡನ್ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟೊಂದು ಹುಡುಗೀರ ಅಪ್ಪ ಅಮ್ಮಂದಿರ ಫೋನು ಎತ್ತೋರು ಅವರು. ಅಪ್ಪ ಅಮ್ಮಂದಿರೇ ಇದನ್ನ ಕೇಳ್ತಾರೆ ಅನ್ನೋದೂ ನಿಜ. ಹಾಗಾಗಿ ನಾನು ನಮ್ಮಪ್ಪನಿಗೆ ಎಲ್ಲ ಹೇಳಿದೆ, ಬಿದ್ದಿದ್ದೂ ಸೇರಿಸಿ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾ ಒಟ್ಟಿಗೆ ಬರಬೇಕಿತ್ತು ಕಣಮ್ಮ, ಒಂದರ್ಧ ಗಂಟೆ ಲೇಟಾದ್ರೆ ಏನಾಗ್ತಿತ್ತು" ಅಂದರು. ಗೇಟ್ ವಿಷಯ ನೆನಪಿಸಿದ ಮೇಲೆ, "ಹೌದಲ್ವಾ" ಅಂದು ಮಾತು ಬದಲಿಸಿದರು. ಹಾಸ್ಟೆಲ್ ಸೇರುವಾಗ ಆ ಫಾರ್ಮಿಗೆ ಸೈನ್ ಹಾಕಿದ್ದು ಅವರೇ.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಎರಡೂ ಹಾಸ್ಟೆಲಿಗೆ ಒಂದೇ ಟೈಮ್ ಇರಲಿ, ಅದು ಎಂಟೂವರೆ ಆದ್ರೂ ಸೈ. ಭಾನುವಾರ ಐದಕ್ಕೆ ಗೇಟ್ ತೆಗೀಲಿ. ಎಲ್ಲಿಗೆ, ಯಾರ ಜೊತೆ ಅಂತ ಹುಡುಗರೂ ನಾವೂ ಇಬ್ಬರೂ ಬರೆದು ಹೋಗೋಣ. ಲೇಟಾಗುತ್ತೆ ಅಂತ ದಾರಿಯಿಂದ ಫೋನ್ ಮಾಡಿದ್ರೆ ಅದನ್ನ ಲೇಟ್ ಅಂತ ಎಣಿಸಬಾರದು. ಫೋನ್ ಮಾಡಿದ್ರೂ ಶಿಕ್ಷೆ ಅನ್ನೋದಾದ್ರೆ ಯಾರು ಫೋನ್ ಮಾಡ್ತಾರೆ, ನೀವೇ ಹೇಳಿ. ಹುಡುಗರ ಹಾಸ್ಟೆಲಿನವರು "ಹೌದು ಕಣೇ, ಅನ್ಯಾಯ" ಅಂತ ಕ್ಯಾಂಟೀನಿನಲ್ಲಿ ಹೇಳಿ ಟೀ ಕುಡೀತಾರೆ. ಅರ್ಜಿಗೆ ಸೈನ್ ಹಾಕಿ ಅಂದ್ರೆ "ನಮ್ಮ ಟೈಮೂ ಕಮ್ಮಿ ಮಾಡಿಬಿಟ್ರೆ?" ಅಂತಾರೆ. ಆ ಭಯ ನಿಜವೇ ಇರಬಹುದು. ಆದರೂ ಹಾಕಿ.

ಅವತ್ತು ನಾವು ಗೇಟ್ ಮುಟ್ಟಿದ್ದು 6:24ಕ್ಕೆ. ರಿಜಿಸ್ಟರಿನಲ್ಲಿ ಬರೆಯುವಾಗ ಮೊಬೈಲ್ ಗುಂಯ್ ಅಂತು. ಸಂಗಮದಿಂದ ಹುಡುಗರು ಕಳಿಸಿದ ಫೋಟೋ. ನೀರು ಕಮ್ಮಿ, ಬಂಡೆಗಳು, ಒಂದು ಹರಿಗೋಲು, ಬೆಳಕು ಚಿನ್ನದ ಹಾಗಿದೆ. ರೂಮ್‌ಮೇಟ್ ಮೊಣಕೈಗೆ ಡೆಟಾಲ್ ಹಚ್ಚಿಕೊಳ್ತಾ ಅದನ್ನ ಝೂಮ್ ಮಾಡಿ ನೋಡಿದಳು. "ಯಾವ ಕವಲು ಯಾವ ಕಡೆಯಿಂದ ಬರ್ತಿದೆ, ಫೋಟೋದಲ್ಲಿ ಗೊತ್ತೇ ಆಗ್ತಿಲ್ಲ" ಅಂದಳು.