ಒಂದು ಗಂಟೆಯೊಳಗೆ ಹೆಲಿಕಾಪ್ಟರ್ ಬಂದರೆ ಗಾಯಾಳು ಯೋಧ ಬದುಕಿದಂತೆಯೇ?

"ಗಾಯವಾದ ಒಂದು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಜೀವ ಉಳಿಯುತ್ತದೆ, ತಡವಾದರೆ ಮುಗಿಯಿತು." ಯುದ್ಧದ ವಿಡಿಯೋಗಳ ಜೊತೆ ಇಂಥ ಮಾತನ್ನು ನಾವೆಲ್ಲ ಕೇಳಿರುತ್ತೇವೆ. ಇದು ಅರ್ಧ ಮಾತ್ರ ನಿಜ.

ಎಲ್ಲಿಂದ ಬಂತು ಈ 'ಗೋಲ್ಡನ್ ಅವರ್'?

ಈ ಪದವನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ. ಸರಿಯಾಗಿ 60ನೇ ನಿಮಿಷಕ್ಕೇ ಸಾವು-ಬದುಕಿನ ಗೆರೆ ಬೀಳುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಬೇಗ ಸಾಗಿಸಿದಷ್ಟೂ ಒಳ್ಳೆಯದು. 2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಅಫ್ಘಾನಿಸ್ತಾನದ ಗಾಯಾಳುಗಳನ್ನು 60 ನಿಮಿಷದೊಳಗೆ ಸಾಗಿಸಬೇಕೆಂದು ಆದೇಶಿಸಿದರು. ಸಾಮಾನ್ಯವಾಗಿ 90 ನಿಮಿಷ ಹಿಡಿಯುತ್ತಿದ್ದ ಸಾಗಣೆ 43 ನಿಮಿಷಕ್ಕೆ ಇಳಿಯಿತು, ಸಾವಿನ ಪ್ರಮಾಣವೂ ತಗ್ಗಿತು. ಇದರಲ್ಲಿ ವೇಗದ ಜೊತೆಗೆ, ಬೇಗನೆ ರಕ್ತ ಕೊಟ್ಟಿದ್ದಕ್ಕೂ ಪಾಲಿದೆ.

ಹೆಲಿಕಾಪ್ಟರ್ ಬರಲಾಗದಿದ್ದರೆ?

ಅಫ್ಘಾನಿಸ್ತಾನದಲ್ಲಿ ಎದುರಾಳಿಗಳ ಬಳಿ ಯುದ್ಧವಿಮಾನ ಇರಲಿಲ್ಲ. ಉಕ್ರೇನ್‌ನಲ್ಲಿ ಹಾಗಲ್ಲ. ಕ್ಷಿಪಣಿ, ಡ್ರೋನ್‌ಗಳ ಭಯದಿಂದ ಗಡಿಮುಂಚೂಣಿಗೆ ಹೆಲಿಕಾಪ್ಟರ್ ಹೋಗುವುದೇ ಕಷ್ಟ. ಗಾಯಾಳುಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಂದಕದಲ್ಲೇ ಕಾಯಬೇಕು. ಆಗ ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿದ ಟೂರ್ನಿಕೆಟ್ ಪಟ್ಟಿಯೇ ಅಪಾಯವಾಗುತ್ತದೆ. ಸುಮಾರು 2 ಗಂಟೆ ದಾಟಿದ ಮೇಲೆ ಸ್ನಾಯು, ನರಗಳಿಗೆ ಹಾನಿಯ ಸಾಧ್ಯತೆ ಏರುತ್ತಾ ಹೋಗುತ್ತದೆ. ಹಾಗಾಗಿ, ಸಾಧ್ಯವಿದ್ದಲ್ಲಿ ಪಟ್ಟಿ ತೆಗೆದು ಒತ್ತುಕಟ್ಟು ಹಾಕುವುದನ್ನು ಸೈನ್ಯದ ವೈದ್ಯಕೀಯ ಸಿಬ್ಬಂದಿಗೆ ಕಲಿಸುತ್ತಾರೆ. ಗಾಯಾಳುವಿನ ಮೈ ಬೆಚ್ಚಗಿಡುವುದೂ ಅಷ್ಟೇ ಮುಖ್ಯ, ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ.

ವಿಮಾನ ಹತ್ತಿದರೆ ಗೆದ್ದಂತೆಯೇ?

ಅದೂ ಇಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 8,000 ಅಡಿ ಎತ್ತರದಲ್ಲಿ ಗಾಳಿ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. ಗಾಯಗೊಂಡ ಎದೆಯೊಳಗೆ ಗಾಳಿ ಸೇರಿಕೊಂಡಿದ್ದರೆ ಅದು ಶ್ವಾಸಕೋಶವನ್ನು ಅದುಮುತ್ತದೆ. ಅದಕ್ಕೇ ಹಾರುವ ಮೊದಲು ವೈದ್ಯರು ಎದೆಗೆ ಕೊಳವೆ ಹಾಕಿ ಆ ಗಾಳಿಯನ್ನು ಹೊರತೆಗೆಯುವುದುಂಟು.

ನಮಗೇನು ಪಾಠ?

ರಸ್ತೆ ಅಪಘಾತದಲ್ಲೂ ಲೆಕ್ಕ ಇದೇ. ರಕ್ತ ಜೋರಾಗಿ ಹರಿಯುತ್ತಿದ್ದರೆ 108ಕ್ಕೆ ಕರೆ ಮಾಡಿಸಿ, ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಪದೇಪದೇ ತೆಗೆದು ನೋಡಬೇಡಿ. ಟೂರ್ನಿಕೆಟ್ ಕಟ್ಟಿದ್ದರೆ ಕಟ್ಟಿದ ಸಮಯ ಬರೆದಿಡಿ, ನೀವಾಗಿ ಸಡಿಲಿಸಬೇಡಿ. ಆಂಬುಲೆನ್ಸ್ ಬರುವವರೆಗೆ ಜೀವ ಹಿಡಿದಿಡುವುದು ಪಕ್ಕದಲ್ಲಿರುವವರ ಕೈಗಳೇ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.