ಹೀರೋ ಅಂದ್ರೆ ಸೈಟು, ಹೀರೋಯಿನ್ ಅಂದ್ರೆ ಮಿಷನ್ನು

1/7

2024ರಲ್ಲಿ 'ಯುವ' ಬಂದಾಗ ಅಮ್ಮನ್ನ ಥಿಯೇಟರ್‌ಗೆ ಕರ್ಕೊಂಡು ಹೋಗಿದ್ದೆ. ದೊಡ್ಮನೆ ಮೂರನೇ ತಲೆಮಾರಿನ ಹುಡುಗ ಹೀರೋ ಆಗಿರೋ ಮೊದಲ ಸಿನಿಮಾ, ಅಮ್ಮ ಬಿಡ್ತಾಳಾ? ಹೊಸ ಸೀರೆ ಉಟ್ಕೊಂಡು ರೆಡಿ.

ತೆರೆ ಮೇಲೆ ಹೀರೋನ ತಾಯಿ ಬಂದ್ರು. ಸುಧಾರಾಣಿ.

ಅಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದ್ಳು, "ಅಯ್ಯೋ, ಸುಧಾರಾಣಿನೂ ಮುದುಕಿ ಆಗೋದ್ಲಾ?"

ನಾನು ನಕ್ಕೆ. ಅವಳು ನಗಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಕಿಟಕಿ ಕಡೆ ನೋಡ್ತಾ ಇನ್ನೊಂದು ಮಾತು ಹೇಳಿದ್ಳು: "ಹಂಗಾದ್ರೆ ನಾವೂ ಆದ್ವಿ ಬಿಡು."

ಆಗ ಅಮ್ಮಂಗೆ 45. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿ, ಹೊಲಿಗೆ ಮಿಷನ್ ಮುಂದೆ ಕೂತ್ರೆ ರಾತ್ರಿವರೆಗೂ ಏಳಲ್ಲ. ಅವಳ ದುಡ್ಡಲ್ಲೇ ನನ್ನ ಕಾಲೇಜ್ ಫೀಸು. ಅಂಥವಳು ಮೂರು ಗಂಟೆ ಸಿನಿಮಾ ನೋಡಿ ಬಂದು ತಾನು ಮುಗಿದೆ ಅಂದ್ಕೊಂಡ್ಳು. ಆ ಮಾತು ನನ್ನ ತಲೆಯಿಂದ ಹೋಗ್ಲೇ ಇಲ್ಲ. ಅದಕ್ಕೇ ಈ ಸೀರೀಸ್.

ಅಭಿಮಾನಿಗಳೇ, ಬೈಯೋದಿದ್ರೆ ಬೈರಿ, ಆದ್ರೆ ಏಳೂ ಭಾಗ ಓದಿ ಆಮೇಲೆ ಬೈರಿ. ನಮ್ಮನೆ ದೇವರ ಗೂಡಿನ ಪಕ್ಕದಲ್ಲೇ ಅಣ್ಣಾವ್ರ ಫೋಟೋ ಇದೆ. ನಾನೇನು ಹೊರಗಿನವಳಲ್ಲ.

2/7

ಈಗ ಲೆಕ್ಕ ನೋಡಿ. ಇದು ನನ್ನ ಅಭಿಪ್ರಾಯ ಅಲ್ಲ, ಎಲ್ಲರಿಗೂ ಗೊತ್ತಿರೋ ವಿಷಯ.

1986. 'ಆನಂದ್' ಸಿನಿಮಾ. ಶಿವಣ್ಣ ಹೀರೋ ಆಗಿ ಬಂದ ಮೊದಲ ಸಿನಿಮಾ. ಸುಧಾರಾಣಿ ಹೀರೋಯಿನ್ ಆಗಿ ಬಂದ ಮೊದಲ ಸಿನಿಮಾನೂ ಅದೇ. ಇಬ್ಬರದೂ ಒಂದೇ ದಿನ ಶುರು. ಮರುವರ್ಷ 'ಮನ ಮೆಚ್ಚಿದ ಹುಡುಗಿ'ಯಲ್ಲೂ ಅದೇ ಜೋಡಿ. ನಮ್ಮಮ್ಮ ಅದನ್ನ ಟೆಂಟ್‌ನಲ್ಲಿ ಮರಳ ಮೇಲೆ ಕೂತು ನೋಡಿದ್ಳಂತೆ.

2024. ಸುಧಾರಾಣಿ 'ಯುವ'ದಲ್ಲಿ ತಾಯಿ. ಯಾರಿಗೆ ತಾಯಿ? ಶಿವಣ್ಣನ ತಮ್ಮನ ಮಗನಿಗೆ.

ಅದೇ 2024. ಶಿವಣ್ಣ 'ಭೈರತಿ ರಣಗಲ್'ನಲ್ಲಿ ಹೀರೋ. ವಯಸ್ಸು 62. ಹೀರೋಯಿನ್ ರುಕ್ಮಿಣಿ ವಸಂತ್. 'ಆನಂದ್' ರಿಲೀಸ್ ಆದಾಗ ಅವರು ಹುಟ್ಟೇ ಇರಲಿಲ್ಲ.

ಇನ್ನೂ ಒಂದು ವಿಷಯ. ಸುಧಾರಾಣಿ ಶಿವಣ್ಣನಿಗಿಂತ ಚಿಕ್ಕವರು. ಒಂದೆರಡು ವರ್ಷ ಅಲ್ಲ, ಸಾಕಷ್ಟು ಚಿಕ್ಕವರು. 'ಆನಂದ್' ಮಾಡುವಾಗ ಅವರಿಗೆ ಹೈಸ್ಕೂಲ್ ವಯಸ್ಸು.

ಒಂದೇ ಗೆರೆ ಮೇಲೆ ನಿಂತು ಓಡೋಕೆ ಶುರು ಮಾಡಿದ ಇಬ್ಬರು. 38 ವರ್ಷ ಆದ್ಮೇಲೆ ದೊಡ್ಡವರು ಇನ್ನೂ ಹೀರೋ, ಚಿಕ್ಕವರು ತಾಯಿ. ಇದು ಶಿವಣ್ಣನ ತಪ್ಪು ಅಂತ ನಾನು ಹೇಳ್ತಿಲ್ಲ. 62ರಲ್ಲೂ ಆ ಎನರ್ಜಿ ಇದ್ರೆ ಮಾಡ್ಲಿ, ನಾನೇ ಶಿಳ್ಳೆ ಹೊಡಿತೀನಿ. ನನ್ನ ಪ್ರಶ್ನೆ ಒಂದೇ. ಗೋಡೆ ಗಡಿಯಾರ ಇಬ್ಬರಿಗೂ ಒಂದೇ ತಾನೇ?

3/7

ಬಿಕಾಂ ಓದೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಡೆಪ್ರಿಸಿಯೇಷನ್ ಚಾಪ್ಟರ್ ನೆನಪಿದ್ಯಾ? ಸವಕಳಿ.

ಕಂಪನಿ ಒಂದು ಮಿಷನ್ ತಗೊಂಡ್ರೆ ವರ್ಷ ವರ್ಷ ಅದರ ಬೆಲೆ ಕಡಿಮೆ ಮಾಡ್ತಾ ಬರ್ತೀವಿ. ಕೊನೆಗೆ ಪುಸ್ತಕದಲ್ಲಿ ಉಳಿಯೋದು ಸ್ಕ್ರ್ಯಾಪ್ ವ್ಯಾಲ್ಯೂ. ಆದ್ರೆ ಜಮೀನಿಗೆ ಮಾತ್ರ ಡೆಪ್ರಿಸಿಯೇಷನ್ ಹಾಕಲ್ಲ. ಯಾಕೆ ಅಂತ ಸರ್ ಕೇಳಿದ್ರೆ ಎಲ್ಲರೂ ಒಟ್ಟಿಗೆ ಕೂಗ್ತೀವಿ: ಜಮೀನು ಸವೆಯಲ್ಲ ಸಾರ್!

ನಮ್ಮ ಇಂಡಸ್ಟ್ರಿ ಲೆಕ್ಕದ ಪುಸ್ತಕದಲ್ಲಿ ಹೀರೋ ಅಂದ್ರೆ ಸೈಟು. ವರ್ಷ ಆದಷ್ಟೂ ರೇಟ್ ಜಾಸ್ತಿ. ಹೀರೋಯಿನ್ ಅಂದ್ರೆ ಮಿಷನ್ನು. ತಂದ ದಿನದಿಂದಲೇ ಸವಕಳಿ ಶುರು. ಮದುವೆ ಆದ್ರೆ ಒಂದಷ್ಟು ಕಟ್, ಮಗು ಆದ್ರೆ ಇನ್ನಷ್ಟು ಕಟ್. ಕೊನೆಗೆ ತಾಯಿ ಪಾತ್ರ. ಅದೇ ಸ್ಕ್ರ್ಯಾಪ್ ವ್ಯಾಲ್ಯೂ.

ಆದ್ರೆ ಅದೇ ಚಾಪ್ಟರಲ್ಲಿ ಇನ್ನೊಂದು ಪಾಠ ಇದೆ, ನಾವು ಓದಿ ಮರೆತುಬಿಡ್ತೀವಿ. ಮಿಷನ್‌ನ ಯೂಸ್‌ಫುಲ್ ಲೈಫ್ ಎಷ್ಟು ವರ್ಷ ಅನ್ನೋದು ಅಂದಾಜು. ಅದನ್ನ ಮಿಷನ್ ಹೇಳಲ್ಲ, ಲೆಕ್ಕ ಬರೆಯೋರು ಹೇಳ್ತಾರೆ. ಹತ್ತು ವರ್ಷ ಅಂತ ಬರೆದ್ರೆ ಹತ್ತು ವರ್ಷಕ್ಕೆ ಪುಸ್ತಕದಲ್ಲಿ ಕಥೆ ಮುಗೀತು. ಮಿಷನ್ ಆ ಕಡೆ ಫ್ಯಾಕ್ಟರಿಯಲ್ಲಿ ಗಿರಗಿರ ಅಂತ ಓಡ್ತಾನೇ ಇರುತ್ತೆ.

ಹೀರೋಯಿನ್‌ಗೆ 35ಕ್ಕೆ ಮುಗೀತು ಅಂತ ಬರೆದವರು ಯಾರು? ಕಥೆ ಬರೆಯೋರು, ದುಡ್ಡು ಹಾಕೋರು, ಜೋಡಿ ಯಾರು ಅಂತ ತೀರ್ಮಾನ ಮಾಡೋರು. ಆ ಕುರ್ಚಿಗಳಲ್ಲಿ ಎಷ್ಟು ಜನ ಹೆಂಗಸರನ್ನ ನೋಡಿದ್ದೀರಾ?

4/7

"ಇದೆಲ್ಲಾ ಈಗಿನ ಕಾಲದ ಸಮಸ್ಯೆ, ಮೊದಲು ಹಿಂಗಿರಲಿಲ್ಲ" ಅಂತ ನಮ್ಮ ಮಾವ ಹೇಳ್ತಾರೆ. ಸಾರಿ ಮಾವ, ಮೊದಲೂ ಹಿಂಗೇ ಇತ್ತು.

1954ರ 'ಬೇಡರ ಕಣ್ಣಪ್ಪ'. ಅಣ್ಣಾವ್ರು ನಾಯಕ, ಪಂಢರಿಬಾಯಿ ಕಣ್ಣಪ್ಪನ ಹೆಂಡತಿ. ಆಮೇಲೆ ಏನಾಯ್ತು? ಅದೇ ಪಂಢರಿಬಾಯಿ ಅಣ್ಣಾವ್ರಿಗೆ ತಾಯಿಯಾಗಿ ಪಾತ್ರ ಮಾಡಿದ್ರು. ಅವರನ್ನ ಇವತ್ತು ನೆನಪಿಸಿಕೊಳ್ಳೋರಲ್ಲಿ ಬಹಳ ಜನಕ್ಕೆ ಅವರು ಅಂದ್ರೆ ಬಿಳಿ ಸೀರೆ, ಕಣ್ಣೀರು, "ಮಗನೇ".

1994ರ 'ಒಡಹುಟ್ಟಿದವರು'. ಅಣ್ಣಾವ್ರಿಗೆ 65. ಅವರ ಜೋಡಿ ಮಾಧವಿ, 32. ಆ ಸಿನಿಮಾ ನಂಗೂ ಇಷ್ಟ, ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಆದ್ರೆ ಇದನ್ನ ತಿರುಗಿಸಿ ಯೋಚನೆ ಮಾಡಿ. 65ರ ಹೀರೋಯಿನ್, 32ರ ಹೀರೋ. ನಗು ಬಂತಾ? ಯಾಕೆ ಬಂತು? ಅದು ಹುಟ್ಟಿನಿಂದ ಬಂದ ನಗು ಅಲ್ಲ. ಎಪ್ಪತ್ತು ವರ್ಷ ಕೂರಿಸಿಕೊಂಡು ಕಲಿಸಿದ್ದು.

2005ರ 'ಜೋಗಿ'. ಶಿವಣ್ಣನ ತಾಯಿ ಭಾಗ್ಯಕ್ಕ ಆಗಿ ಅರುಂಧತಿ ನಾಗ್. ಅವರು ಹುಟ್ಟಿದ್ದು 1956, ಶಿವಣ್ಣ 1962. ಆರು ವರ್ಷ ವ್ಯತ್ಯಾಸ! ನಮ್ಮ ಕ್ಲಾಸಲ್ಲೇ ಎಷ್ಟೋ ಜನರ ಅಕ್ಕಂದಿರು ಅವರಿಗಿಂತ ಆರು ವರ್ಷ ದೊಡ್ಡವರಿರ್ತಾರೆ.

ನ್ಯಾಯವಾಗಿ ಹೇಳಬೇಕು ಅಂದ್ರೆ, ಭಾಗ್ಯಕ್ಕ ಒಳ್ಳೆ ಪಾತ್ರ. ಅವರಿಗೆ ಹೆಸರಿದೆ, ನಡಿಗೆ ಇದೆ, ಮಗನ್ನ ಹುಡುಕ್ಕೊಂಡು ಬೆಂಗಳೂರಿಗೆ ಬರೋ ಛಲ ಇದೆ. ಕೊನೇ ಸೀನ್ ನೋಡಿ ಅಳದೇ ಇರೋರು ಕಲ್ಲು. ಹಂಗಾಗಿ ತಾಯಿ ಪಾತ್ರನೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದೊಂದೇ ಬಾಗಿಲು ತೆಗೆದಿಟ್ಟು ಉಳಿದಿದ್ದಕ್ಕೆಲ್ಲ ಬೀಗ ಹಾಕೋದು ಕೆಟ್ಟದ್ದು.

5/7

ಮುಂದಿನ ಸಲ ಯಾವ್ದಾದ್ರೂ ದೊಡ್ಡ ಹೀರೋ ಸಿನಿಮಾ ನೋಡುವಾಗ 40 ದಾಟಿದ ಹೆಂಗಸಿನ ಪಾತ್ರ ಬಂದ ತಕ್ಷಣ ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಅವಳ ಹೆಸರೇನು? "ಅಮ್ಮ", "ಅತ್ತಿಗೆ", "ಅಜ್ಜಿ" ಅಲ್ಲ, ಹೆಸರು. ಸಿನಿಮಾ ಮುಗಿದು ಹೊರಗೆ ಬಂದ ಮೇಲೆ ನಿಮಗೆ ನೆನಪಿರಬೇಕು.

ಎರಡು: ಅವಳಿಗೆ ಕೆಲಸ ಏನು? ಬಡಿಸೋದು, ಬಾಗಿಲಲ್ಲಿ ಕಾಯೋದು, ಫೋಟೋ ಮುಂದೆ ಅಳೋದು, ಆಸ್ಪತ್ರೆ ಹಾಸಿಗೆ ಮೇಲೆ ಮಲಗೋದು, ಇವು ಬಿಟ್ಟು.

ಮೂರು: ಮಗನ ವಿಷಯ, ಗಂಡನ ವಿಷಯ ಬಿಟ್ಟು ಅವಳಿಗೆ ಅಂತ ಏನಾದ್ರೂ ಬೇಕಾ? ಒಂದು ಆಸೆ, ಒಂದು ಸಿಟ್ಟು, ಒಂದು ಹಠ, ಒಂದು ಕಳ್ಳತನ, ಏನಾದ್ರೂ ಪರವಾಗಿಲ್ಲ.

ಮೂರಕ್ಕೂ ಉತ್ತರ ಸಿಕ್ಕಿದ್ರೆ ನಂಗೆ ಮೆಸೇಜ್ ಮಾಡಿ, ಆ ಸಿನಿಮಾಗೆ ಫ್ರೀ ಪ್ರಮೋಷನ್ ನಾನೇ ಮಾಡ್ತೀನಿ.

ಇನ್ನೊಂದು ರೂಪ ಇದೆ, ಅದು ಇನ್ನೂ ಬೇಜಾರು. ವಯಸ್ಸಾದವಳು ಆಸೆ ತೋರಿಸಿದ್ರೆ ಅವಳು ಕಾಮಿಡಿ. ಲಿಪ್‌ಸ್ಟಿಕ್ ಹಚ್ಚಿದ್ರೆ ಕಾಮಿಡಿ, ಕಾಲೇಜ್ ಹುಡುಗನ್ನ ನೋಡಿ ನಕ್ಕರೆ ಕಾಮಿಡಿ. ಹಿಂದುಗಡೆ "ಟುಂಯ್" ಅಂತ ಒಂದು ಮ್ಯೂಸಿಕ್. ಅದೇ ಸಿನಿಮಾದಲ್ಲಿ ಅವಳ ವಯಸ್ಸಿನ ಹೀರೋ ಕಾಲೇಜ್ ಹುಡುಗಿ ಹಿಂದೆ ಬಿದ್ದರೆ ಸ್ವಿಟ್ಜರ್ಲೆಂಡ್‌ನಲ್ಲಿ ಸಾಂಗು!

ತಾಯಿ ದೇವರು ಅಂತ ಡೈಲಾಗ್ ಹೊಡಿಯೋರೇ ಜಾಸ್ತಿ. ದೇವರಿಗೆ ಡೈಲಾಗ್ ಕೊಡೋ ಅಗತ್ಯ ಇಲ್ಲ, ಅದಕ್ಕೇ ಇರಬೇಕು.

6/7

ಈಗ ಗಾಂಧಿನಗರದ ಉತ್ತರ: "ಏನ್ ಮಾಡೋದಮ್ಮ, ಜನ ನೋಡಲ್ಲ."

ಸುಳ್ಳು. ಹೇಳ್ತೀನಿ ಕೇಳಿ.

'ಯುವ'ದಲ್ಲಿ ತಾಯಿ ಆಗಿದ್ದ ಅದೇ ಸುಧಾರಾಣಿ 'ಶ್ರೀರಸ್ತು ಶುಭಮಸ್ತು' ಸೀರಿಯಲ್‌ನಲ್ಲಿ ಏನಾಗಿದ್ರು? ತುಳಸಿ. ವಿಧವೆ, ದೊಡ್ಡ ಮಗ ಇರೋಳು. ಆ ವಯಸ್ಸಲ್ಲಿ ಮಾಧವ ಅನ್ನೋರ ಜೊತೆ ಸ್ನೇಹ ಆಗಿ, ಎರಡನೇ ಮದುವೆ ಆಗ್ತಾಳೆ. ನಮ್ಮನೆಯಲ್ಲಿ ಆ ಹೊತ್ತಿಗೆ ಯಾರೂ ರಿಮೋಟ್ ಮುಟ್ಟೋ ಹಾಗಿರಲಿಲ್ಲ. ಪಕ್ಕದ ಮನೆ ಅಜ್ಜಿ ಕೂಡ ಬಂದು ಕೂರೋರು. ಯಾರೂ ನಗಲಿಲ್ಲ. ಮದುವೆ ಆಗ್ಲಿ ಅಂತ ಕಾದ್ರು.

'ಪುಟ್ಟಕ್ಕನ ಮಕ್ಕಳು' ನೋಡಿ. ಗಂಡ ಬಿಟ್ಟು ಹೋದ್ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನ ಸಾಕೋ ಪುಟ್ಟಕ್ಕ, ಉಮಾಶ್ರೀ. 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ಅವರಿಗೆ 60 ದಾಟಿತ್ತು. ಟಿಆರ್‌ಪಿಯಲ್ಲಿ ಎಷ್ಟೋ ವಾರ ಅವರೇ ಮುಂದೆ. ಇದೇ ಉಮಾಶ್ರೀಗೆ ಎಷ್ಟು ವರ್ಷ ಬರೀ ಡಬಲ್ ಮೀನಿಂಗ್ ಕಾಮಿಡಿ ಕೊಟ್ಟಿದ್ರು ಅನ್ನೋದು ನಿಮ್ಮ ಅಪ್ಪನ್ನ ಕೇಳಿ. ಗಿರೀಶ್ ಕಾಸರವಳ್ಳಿ 'ಗುಲಾಬಿ ಟಾಕೀಸ್' ಮಾಡಿ, ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ ಪಾತ್ರ ಕೊಟ್ರು. ನ್ಯಾಷನಲ್ ಅವಾರ್ಡ್ ಬಂತು. ಅದೂ ಬೆಸ್ಟ್ ಆ್ಯಕ್ಟ್ರೆಸ್, ಪೋಷಕ ನಟಿ ಅಲ್ಲ. ಟ್ಯಾಲೆಂಟ್ ಒಂದೇ ದಿನದಲ್ಲಿ ಬಂತಾ? ಮೊದಲಿಂದಲೂ ಇತ್ತು. ಪಾತ್ರ ಇರಲಿಲ್ಲ.

ಪಕ್ಕದ ಮಲಯಾಳದಲ್ಲಿ ಮಂಜು ವಾರಿಯರ್ ವರ್ಷಗಟ್ಟಲೆ ಬ್ರೇಕ್ ಆದ್ಮೇಲೆ 2014ರಲ್ಲಿ ವಾಪಸ್ ಬಂದಿದ್ದು ಯಾವ ಸಿನಿಮಾದಲ್ಲಿ ಗೊತ್ತಾ? 'ಹೌ ಓಲ್ಡ್ ಆರ್ ಯು?' ಟೈಟಲ್ಲೇ ಪ್ರಶ್ನೆ. ಗೆದ್ದಿದ್ದಕ್ಕೆ ಜ್ಯೋತಿಕಾ ಅದನ್ನೇ ತಮಿಳಲ್ಲಿ ಮಾಡಿದ್ರು.

ಜನ ನೋಡ್ತಾರೆ. ದುಡ್ಡು ಹಾಕಲ್ಲ, ಒಳ್ಳೆ ಥಿಯೇಟರ್ ಕೊಡಲ್ಲ, ಬೆಳಿಗ್ಗೆ ಹತ್ತರ ಒಂದೇ ಶೋ ಕೊಡ್ತಾರೆ. ಆಮೇಲೆ ಶುಕ್ರವಾರ ಬಂದಿದ್ದು ಸೋಮವಾರ ಹೋಯ್ತು, "ನೋಡಿದ್ಯಾ, ಜನ ಬರಲಿಲ್ಲ". ಸ್ಟಾಕೇ ಇಡದ ಅಂಗಡಿಯವನು ಗಿರಾಕಿ ಇಲ್ಲ ಅಂದ ಹಾಗೆ.

7/7

ಇಲ್ಲಿವರೆಗೂ ಇಂಡಸ್ಟ್ರಿಗೆ ಬೈದೆ. ಈಗ ನಮ್ಮ ಸರದಿ.

ಸೆಕೆಂಡ್ ಪಿಯುನಲ್ಲಿದ್ದಾಗ ಒಬ್ಬ ನಟಿ ತಮ್ಮ ಬರ್ತ್‌ಡೇ ಫೋಟೋ ಹಾಕಿದ್ರು. ನಮ್ಮಮ್ಮನ ವಯಸ್ಸಿನವರು, ಸ್ಲೀವ್‌ಲೆಸ್ ಹಾಕಿದ್ರು. ಕೆಳಗೆ ಯಾರೋ ಕಾಮೆಂಟ್ ಮಾಡಿದ್ರು: "ಆಂಟಿ, ಈ ವಯಸ್ಸಲ್ಲಿ ಬೇಕಾ?" ಆ ಯಾರೋ ನಾನೇ. ಲೈಕ್ ಬಂದಾಗ ಖುಷಿ ಆಗಿತ್ತು. ಫ್ರೆಂಡ್ಸ್‌ಗೆ ಸ್ಕ್ರೀನ್‌ಶಾಟ್ ಕಳಿಸಿದ್ದೆ.

ಅದೇ ವಾರ ಯಾವುದೋ ಹೀರೋ ಬಿಳಿ ಗಡ್ಡ ಬಿಟ್ಟ ಫೋಟೋ ಬಂತು. ಅದಕ್ಕೆ ನನ್ನ ಕಾಮೆಂಟ್: "ಸಾಲ್ಟ್ ಅಂಡ್ ಪೆಪ್ಪರ್ ಲುಕ್, ಬಾಸ್."

ಬಸ್ಸಲ್ಲಿ ಅಮ್ಮ "ನಾವೂ ಆದ್ವಿ ಬಿಡು" ಅಂದಾಗ ನಂಗೆ ಮೊದಲು ನೆನಪಾಗಿದ್ದು ಆ ಕಾಮೆಂಟು. ಮನೆಗೆ ಬಂದು ಹುಡುಕಿ ಡಿಲೀಟ್ ಮಾಡಿದೆ. ಅವರು ಓದಿದ್ರೋ ಇಲ್ವೋ ಗೊತ್ತಿಲ್ಲ. ಓದಿರ್ತಾರೆ.

ಅಮ್ಮನ ಮಾತು ಒಂದು ಸಿನಿಮಾದಿಂದ ಬಂದಿದ್ದಲ್ಲ. ಅವಳು ಟೆಂಟಲ್ಲಿ ಕೂತ ದಿನದಿಂದ ನೋಡಿದ್ದೆಲ್ಲಾ ಸೇರಿ ಬಂದಿದ್ದು. ನಾವೂ ಅದನ್ನೇ ನೋಡ್ತಾ ಬೆಳೀತಿದ್ದೀವಿ. ಕ್ಲಾಸಲ್ಲಿ ಹುಡುಗಿಯರು 20ಕ್ಕೇ ಬಿಳಿ ಕೂದಲು ಹುಡುಕಿ ಕಿತ್ತು ಹಾಕ್ತೀವಿ. ಹುಡುಗರು ಗಡ್ಡ ಯಾವಾಗ ಬರುತ್ತೋ ಅಂತ ಕಾಯ್ತಾರೆ. ಒಬ್ಬರಿಗೆ ವಯಸ್ಸು ಅಂದ್ರೆ ಭಯ, ಇನ್ನೊಬ್ಬರಿಗೆ ಪ್ರಮೋಷನ್.

ಮೊದಲ ವಾರ ಥಿಯೇಟರ್ ತುಂಬಿಸೋರು ನಾವು. ರೀಲ್ಸ್ ಮಾಡೋರು ನಾವು. ಅದಕ್ಕೇ ಮೂರೇ ಕೆಲಸ ಕೇಳ್ತಿದ್ದೀನಿ:

ನಟಿಯರ ಫೋಟೋ ಕೆಳಗೆ "ಆಂಟಿ" ಅಂತ ನಗೋದು ನಿಲ್ಲಿಸಿ.

40 ದಾಟಿದ ಹೆಂಗಸು ಮುಖ್ಯ ಪಾತ್ರದಲ್ಲಿರೋ ಕನ್ನಡ ಸಿನಿಮಾ ಬಂದ್ರೆ ಮೊದಲ ಮೂರು ದಿನದಲ್ಲೇ ಹೋಗಿ. ಓಟಿಟಿಗೆ ಬರ್ಲಿ ಅಂತ ಕಾಯಬೇಡಿ. ಮುಂದಿನ ಸಿನಿಮಾಗೆ ದುಡ್ಡು ಹುಟ್ಟೋದು ಆ ಮೂರು ದಿನದಲ್ಲಿ.

ಹೋಗುವಾಗ ನಿಮ್ಮಮ್ಮನ್ನೂ ಕರ್ಕೊಂಡು ಹೋಗಿ.

ಹೀರೋಗಳು ರಿಟೈರ್ ಆಗ್ಲಿ ಅಂತ ನಾನು ಕೇಳ್ತಿಲ್ಲ. ಸುಧಾರಾಣಿ ಅವರು ಮತ್ತೆ ಲಂಗ ದಾವಣಿ ಹಾಕ್ಲಿ ಅಂತಾನೂ ಕೇಳ್ತಿಲ್ಲ. 62ರ ಹೀರೋ ಪಕ್ಕದಲ್ಲಿ 50ರ ಹೀರೋಯಿನ್ ನಿಲ್ಲಲಿ, ಅವಳಿಗೊಂದು ಹೆಸರಿರಲಿ, ಅವಳಿಗೊಂದು ಜಗಳ ಇರಲಿ, ಬೇಕಾದ್ರೆ ಒಂದು ಡ್ಯೂಯೆಟ್ಟೂ ಇರಲಿ. ಫಸ್ಟ್ ಡೇ ಫಸ್ಟ್ ಶೋಗೆ ಎರಡು ಟಿಕೆಟ್ ನಂದು. ಒಂದು ನಂಗೆ, ಒಂದು ಅಮ್ಮಂಗೆ.

ಈಗ ಕಾಮೆಂಟಲ್ಲಿ ಹೇಳಿ: ನಿಮ್ಮಮ್ಮಂಗೆ ಚಿಕ್ಕ ವಯಸ್ಸಲ್ಲಿ ಇಷ್ಟವಾಗಿದ್ದ ಹೀರೋಯಿನ್ ಯಾರು? ಈಗ ಅವರು ಎಲ್ಲಿದ್ದಾರೆ, ಏನು ಪಾತ್ರ ಮಾಡ್ತಿದ್ದಾರೆ? ಗೊತ್ತಿಲ್ಲ ಅಂದ್ರೆ ಅಡುಗೆಮನೆಗೆ ಹೋಗಿ ಕೇಳ್ಕೊಂಡು ಬನ್ನಿ. ಕಾಯ್ತೀನಿ.

#ಕನ್ನಡಸಿನಿಮಾ #ಅವಳಹೆಸರೇನು #ಸುಧಾರಾಣಿ #ಉಮಾಶ್ರೀ #ಸ್ಯಾಂಡಲ್‌ವುಡ್ #ಅಮ್ಮನಿಗೊಂದುಟಿಕೆಟ್ #ಬಿಕಾಂಹುಡುಗಿ