ಖಾರ ಇರುವುದು ಬೀಜದಲ್ಲಲ್ಲ, ನೀರಿಗೆ ಹೋಗುವುದೂ ಇಲ್ಲ

ಹಸಿಮೆಣಸಿನಕಾಯಿ ಹೆಚ್ಚಿದ ಕೈಯಲ್ಲೇ ಮಗುವಿನ ಕಣ್ಣು ಒರೆಸಿ ಪಜೀತಿ ಪಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ. 'ಕೈ ತೊಳೆದಿದ್ದೆನಲ್ಲ' ಎನ್ನುವುದು ಎಲ್ಲರ ಮಾತು. ತೊಳೆದದ್ದು ನಿಜ, ಆದರೆ ಬರೀ ನೀರಿನಲ್ಲಿ.

ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ಅದು ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು; ಎಣ್ಣೆ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಸಿಹಿ, ಹುಳಿ, ಉಪ್ಪು, ಕಹಿಗಳಂತೆ ಖಾರ ಒಂದು ರುಚಿಯೂ ಅಲ್ಲ, ಅದೊಂದು ಉರಿ. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದರೆ 'ಸುಡುತ್ತಿದೆ' ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಕ್ಯಾಪ್ಸೈಸಿನ್ ಅದೇ ಗ್ರಾಹಕಕ್ಕೆ ಅಂಟಿಕೊಂಡು ಸುಳ್ಳು ಸುದ್ದಿ ಮುಟ್ಟಿಸುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಪತ್ತೆಹಚ್ಚಿದ ತಂಡದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಒಲೆಯಿಂದ ಆಗಷ್ಟೇ ಇಳಿಸಿದ ಸಾರು ಆರಿದ ಸಾರಿಗಿಂತ ಹೆಚ್ಚು ಖಾರ ಎನಿಸುವುದೂ, ಒಣಮೆಣಸಿನಕಾಯಿ ಹುರಿದ ಘಾಟಿಗೆ ಇಡೀ ಮನೆ ಕೆಮ್ಮುವುದೂ ಈ ಕಾರಣಕ್ಕೇ.

ಬೀಜ ತೆಗೆದರೆ ಖಾರ ಹೋಯಿತು ಎಂಬ ನಂಬಿಕೆ ಅರ್ಧ ಸರಿ. ಕ್ಯಾಪ್ಸೈಸಿನ್ ತಯಾರಾಗುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಬೀಜಕ್ಕೆ ಅದು ಮೆತ್ತಿಕೊಂಡಿರುತ್ತದೆ, ಅಷ್ಟೆ. ಬೀಜ ಉದುರಿಸಿ ತಿರುಳು ಬಿಟ್ಟರೆ ಖಾರ ಅಲ್ಲೇ ಉಳಿಯುತ್ತದೆ.

ಕೆಂಪು ಹೆಚ್ಚಿದ್ದರೆ ಖಾರ ಹೆಚ್ಚು ಎನ್ನುವುದಂತೂ ಪೂರ್ತಿ ತಪ್ಪು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಸುಕ್ಕುಗಟ್ಟಿದ ಈ ಕಾಯಿಯ ಹೆಸರು ಬಣ್ಣಕ್ಕೆ. ಖಾರದಲ್ಲಿ ಅದು ಗುಂಟೂರಿನದಕ್ಕಿಂತ ಸೌಮ್ಯ. ಸಾರಿನ ಪುಡಿಗೆ ಎರಡನ್ನೂ ಬೆರೆಸುವ ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು.

ಸಾರು ಖಾರವಾದರೆ ಆಲೂಗೆಡ್ಡೆ ಹಾಕಿ ಎನ್ನುತ್ತಾರೆ. ಆಲೂಗೆಡ್ಡೆಯೇನೂ ಖಾರವನ್ನು ಆರಿಸಿ ಹೀರುವುದಿಲ್ಲ, ಅಡಿಗೆಯ ಪ್ರಮಾಣ ಹೆಚ್ಚುತ್ತದೆ ಅಷ್ಟೇ. ಇದಕ್ಕೆ ಅರಸೀಕೆರೆ ಕಡೆಯವರನ್ನು ಕೇಳಬೇಕು. ಅದು ತೆಂಗಿನ ಸೀಮೆ, ಕಾಯಿ ತುರಿಯದೆ ಅಲ್ಲಿ ಅಡಿಗೆ ಮುಗಿಯುವುದು ಅಪರೂಪ. ರುಬ್ಬಿದ ಕಾಯಿಯ ಕೊಬ್ಬಿನಲ್ಲಿ ಕ್ಯಾಪ್ಸೈಸಿನ್ ಕರಗುವುದರಿಂದ ನಾಲಿಗೆಗೆ ಉರಿ ಕಡಿಮೆ ತಗುಲುತ್ತದೆ. ಬಾಯಿ ಉರಿದಾಗಲೂ ನೀರಿಗಿಂತ ಹಾಲು, ಮೊಸರು ಮೇಲು. ಹಾಲಿನ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಳ್ಳುತ್ತದೆ.

ಕೈಗೂ ಇದೇ ಲೆಕ್ಕ. ಮೊದಲು ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ, ಉಗುರು ಸಂದನ್ನೂ ಬಿಡದೆ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಚಾಕು, ಮಣೆಯನ್ನೂ ಸೋಪಿನಲ್ಲೇ ತೊಳೆಯಿರಿ. ಆದರೆ ಕಣ್ಣಿಗೆ ಬಿದ್ದರೆ ಎಣ್ಣೆ, ಹಾಲು ಯಾವುದೂ ಬೇಡ. ಉಜ್ಜದೆ, ಶುದ್ಧ ನೀರನ್ನು ಹತ್ತು-ಹದಿನೈದು ನಿಮಿಷ ಧಾರೆಯಾಗಿ ಬಿಡಿ. ಇಲ್ಲಿ ನೀರಿನ ಕೆಲಸ ಕರಗಿಸುವುದಲ್ಲ, ಕೊಚ್ಚಿಕೊಂಡು ಹೋಗುವುದು. ಆಮೇಲೂ ಉರಿ ಇಳಿಯದಿದ್ದರೆ, ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರ ಬಳಿ ಹೋಗಿ.